ಲೆಬನಾನಿನ ಕೆಂಪು, ಅತ್ತೆಯ ಪೀಕದಾನಿ

ಉಗುಳಿ ಸಂಬಳ ತೆಗೆದುಕೊಂಡವಳು ನಾನು. ಹೀಗೆಂದಾಗ ಕೇಳಿದವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಹಲಸೂರಿನ ಒಂದು ಕಾಫಿ ರಫ್ತು ಕಂಪನಿಯಲ್ಲಿ ನಾನು ರುಚಿ ನೋಡುವ ಕೆಲಸದಲ್ಲಿದ್ದೆ. ಕಾಫಿ ಕುಡಿಯುವುದಕ್ಕೂ ರುಚಿ ನೋಡುವುದಕ್ಕೂ ಅಜಗಜಾಂತರ. ತಿರುಗುವ ದುಂಡು ಮೇಜಿನ ಮೇಲೆ ಬಿಳಿ ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರಿಂದ ಒಂದು ಚಮಚ ಎತ್ತಿ, ಪಕ್ಕದ ಕೋಣೆಗೆ ಕೇಳುವ ಹಾಗೆ ಸೊರ್ರೆಂದು ಎಳೆದುಕೊಂಡು, ಬಾಯಿ ತುಂಬ ಆಡಿಸಿ, ಸೊಂಟದೆತ್ತರದ ಸ್ಟೀಲ್ ಡಬ್ಬಕ್ಕೆ ಉಗುಳಬೇಕು. ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ಎದೆ ಢವಢವ ಅನ್ನುತ್ತದೆ, ನಾಲಿಗೆ ಕೆಲಸಕ್ಕೆ ಬಾರದಾಗುತ್ತದೆ. ಅಷ್ಟೇ ಅಲ್ಲ, ಕಾಫಿಯನ್ನು ಮೆಚ್ಚುವುದು ನನ್ನ ಕೆಲಸವೇ ಆಗಿರಲಿಲ್ಲ. ತಪ್ಪು ಹುಡುಕುವುದು ನನ್ನ ಕೆಲಸ. ಗೋಣಿಚೀಲದ ವಾಸನೆ, ಬೂಷ್ಟು, ಹಸಿ ಮಣ್ಣು, ಅತಿಯಾಗಿ ಹುದುಗಿದ ಹುಳಿ, ಇವುಗಳಲ್ಲಿ ಯಾವುದಾದರೂ ಒಂದು ಬಟ್ಟಲಲ್ಲಿ ಸಿಕ್ಕಿದರೂ ಸಾಕು, ಕೆ.ಆರ್. ಪುರಂ ಗೋದಾಮಿನಲ್ಲಿದ್ದ ಆ ಮಾಲೆಲ್ಲ ಪಕ್ಕಕ್ಕೆ ಸರಿಯುತ್ತಿತ್ತು.

ನಾಲಿಗೆಯೇ ಅನ್ನ ಹಾಕುತ್ತಿದ್ದುದರಿಂದ ಅದಕ್ಕೆ ಮಡಿಯೂ ಜಾಸ್ತಿ. ವಾರದ ದಿನಗಳಲ್ಲಿ ಹಸಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಉಪ್ಪಿನಕಾಯಿ ಇಲ್ಲ. ಘಮಘಮಿಸುತ್ತದೆಂದು ತಲೆಗೆ ಮಲ್ಲಿಗೆಯನ್ನೂ ಮುಡಿಯುವಂತಿರಲಿಲ್ಲ. ಮನೆಗೆ ಬಂದರೆ ಅಲ್ಲೂ ಅದೇ ಉದ್ಯೋಗ. ಒಲೆಯ ಮುಂದೆ ನಿಂತು ಸಾರಿನ ಉಪ್ಪು ನೋಡುವವಳು ನಾನು, ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂರುವವಳೂ ನಾನು. "ಉಪ್ಪು ಸರೀಗಿದ್ಯೇನೇ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು. ನಿನಗೆ ಇಷ್ಟವಾಯಿತೇ ಎಂದು ಆ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ. ಕೇಳಬಹುದೆಂದು ನನಗೂ ಹೊಳೆದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಇಂದಿರಾನಗರದ ಗಾಜಿನ ಬಾಗಿಲಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂದು ಸಂಜೆ ಅಲ್ಲಿ ಹೊರದೇಶದ ವೈನ್‌ಗಳ ರುಚಿ ತೋರಿಸುತ್ತಿದ್ದರು. ನನ್ನದು ಹತ್ತಿ ಸೀರೆ, ಅರ್ಧ ನರೆತ ತಲೆ, ಕೈಯಲ್ಲಿ ತರಕಾರಿ ಚೀಲ. ಟೈ ಕಟ್ಟಿಕೊಂಡ ಮಾರಾಟಗಾರ ನನ್ನನ್ನು ನೋಡಿ ಬಹಳ ಮರ್ಯಾದೆಯಿಂದಲೇ, "ಆಂಟಿ, ಜ್ಯೂಸ್ ಆ ಕಡೆ ಇದೆ" ಎಂದ.

"ಜ್ಯೂಸ್ ಮನೇಲೂ ಸಿಗುತ್ತಪ್ಪ. ಲೆಬನಾನ್‌ದು ರೆಡ್ ವೈನ್ ಇದ್ಯಾ?" ಎಂದೆ.

"ಲೆಬನಾನಾ? ಅದು ಮರಳುಗಾಡಲ್ವಾ ಆಂಟಿ?"

"ಅಲ್ಲಿ ಬೆಟ್ಟದ ಮೇಲೆ ಹಿಮ ಬೀಳುತ್ತೆ. ಬೆಟ್ಟದ ಈ ಕಡೆ ಬೆಕಾ ಅಂತ ಕಣಿವೆ. ನೀನು ಇಲ್ಲಿ ಜೋಡಿಸಿಟ್ಟಿದ್ದೀಯಲ್ಲ, ಈ ದೇಶಗಳಿಗಿಂತ ಎಷ್ಟೋ ಮುಂಚೆಯಿಂದ ಅಲ್ಲಿ ದ್ರಾಕ್ಷಿ ಹಿಂಡ್ತಿದ್ದಾರೆ" ಎಂದು ಹೇಳಿ, ಅವನ ಫ್ರಾನ್ಸನ್ನೂ ಆಸ್ಟ್ರೇಲಿಯಾವನ್ನೂ ಒಂದೊಂದು ಗುಟುಕು ಕುಡಿದು, ಬೀನ್ಸ್ ತೆಗೆದುಕೊಂಡು ಮನೆಗೆ ಬಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗಿಂತ ಮುಂಚೆ ಎಷ್ಟೋ ಜನ ನನ್ನನ್ನು ಜ್ಯೂಸಿನ ಕಡೆಗೆ ತಿರುಗಿಸಿದ್ದಾರೆ. ಅವರ ಮೇಲೆ ಮಾತ್ರ ಸಿಟ್ಟಿದೆ, ಈಗಲೂ ಇದೆ.

ತೊಂಬತ್ತರ ದಶಕದಲ್ಲಿ ಕಾಫಿ ವ್ಯಾಪಾರ ಸರ್ಕಾರದ ಹಿಡಿತದಿಂದ ಬಿಡಿಸಿಕೊಂಡ ಮೇಲೆ ಹೊರದೇಶದ ವರ್ತಕರು ನಮ್ಮ ಬಾಗಿಲಿಗೇ ಬರತೊಡಗಿದರು. ಅವರಲ್ಲಿ ಲೆಬನಾನಿನ ರಾಜಧಾನಿ ಬೇರೂತಿನ ಒಬ್ಬ ವರ್ತಕರಿದ್ದರು. ದಪ್ಪ ಹುಬ್ಬು, ದೊಡ್ಡ ನಗೆ, ಕಾಫಿಗೆ ಏಲಕ್ಕಿ ಹಾಕದಿದ್ದರೆ ಅದು ಕಾಫಿಯೇ ಅಲ್ಲ ಎನ್ನುವ ಮನುಷ್ಯ. ಕೊಯ್ಲು ಮುಗಿದು ಹೊಸ ಮಾಲು ಬರುವ ಹೊತ್ತಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಬರುವಾಗ ನಮ್ಮ ಮ್ಯಾನೇಜರಿಗೆ ಎರಡು ಬಾಟಲಿ ಕೆಂಪು ವೈನ್, ನನಗೆ ಪಿಸ್ತಾ ತುಂಬಿದ ಸಿಹಿಯ ಡಬ್ಬಿ. ಗಂಡಸಿಗೆ ಬಾಟಲಿ, ಹೆಂಗಸಿಗೆ ಮಿಠಾಯಿ ಎಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಹಾಗೆ ನಡೆದುಕೊಂಡು ಬಂದಿತ್ತು. ಆ ಸಿಹಿ ನಾಲಿಗೆಗೆ ಅಂಟುತ್ತದೆಂದು ನಾನು ಮುಟ್ಟುತ್ತಲೂ ಇರಲಿಲ್ಲ. ಅತ್ತೆ ತಿನ್ನುತ್ತಿದ್ದರು.

ಒಂದು ವರ್ಷ ದೊಡ್ಡ ಮಾಲಿನ ಮಾತುಕತೆ ಕುದುರಿತು. ಖುಷಿಯಲ್ಲಿ ಆ ವರ್ತಕರು ಬಾಟಲಿಯನ್ನು ನಮ್ಮ ರುಚಿ ಕೋಣೆಯಲ್ಲೇ ತೆರೆದರು. ಆಫೀಸಿನಲ್ಲಿ ಗಾಜಿನ ಲೋಟ ಎಲ್ಲಿಂದ ಬರಬೇಕು? ಕಾಫಿ ಬಟ್ಟಲುಗಳಿಗೇ ಸುರಿದರು. ಮೇಜಿನ ಮೇಲೆ ಮೂರು ತೊಳೆದ ಬಟ್ಟಲುಗಳಿದ್ದವು, ನಾವೂ ಮೂವರಿದ್ದೆವು. ಮೂರಕ್ಕೂ ಬಿತ್ತು. ಬಿಳಿ ಪಿಂಗಾಣಿಯಲ್ಲಿ ಅದರ ಬಣ್ಣ ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಪುಡಿಯ ಬಣ್ಣ. ಬಟ್ಟಲು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಚಮಚ ಎತ್ತಿಕೊಂಡೆ, ಸೊರ್ರೆಂದು ಎಳೆದೆ, ಬಾಯಿ ತುಂಬ ಆಡಿಸಿದೆ, ತಿರುಗಿ ಡಬ್ಬಕ್ಕೆ ಉಗುಳಿದೆ. ಆಮೇಲೆ ಗಂಭೀರವಾಗಿ, "ಡಿಫೆಕ್ಟ್ ಇದೆ. ಕುದುರೆ ಲಾಯದ ವಾಸನೆ. ಹಿಂದೆ ಸ್ವಲ್ಪ ವಿನಿಗರ್" ಎಂದೆ.

ಮ್ಯಾನೇಜರ ಮುಖ ಬಿಳಿಚಿಕೊಂಡಿತು. "ಏನ್ ಮೇಡಂ, ಗೆಸ್ಟ್ ಮುಂದೆ ಡಿಫೆಕ್ಟ್ ಅಂತೀರಲ್ರೀ!" ಎಂದು ಕನ್ನಡದಲ್ಲಿ ಗದರಿದರು.

ಆದರೆ ಆ ವರ್ತಕರು ಮೇಜು ತಟ್ಟಿ ನಕ್ಕರು. ಅವರ ಮಾತೆಲ್ಲ ಇಂಗ್ಲಿಷಿನದು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಸರಿಯಾಗಿ ಹೇಳಿದಿರಿ, ಮೇಡಂ. ಇದು ನನ್ನ ಅಕ್ಕನ ತೋಟದ್ದು, ನಮ್ಮ ದೇಶದ ಅಂತರ್ಯುದ್ಧದ ಕಾಲದ್ದು. ಆ ವರ್ಷ ದ್ರಾಕ್ಷಿ ಹೇರಿದ ಲಾರಿಯನ್ನು ರಸ್ತೆಯಲ್ಲಿ ತಡೆದು ನಿಲ್ಲಿಸಿಬಿಟ್ಟರು. ಬಿಸಿಲಿಗೆ ದ್ರಾಕ್ಷಿ ಲಾರಿಯಲ್ಲೇ ಹುದುಗಲು ಶುರುವಾಯಿತು. ಚೆಲ್ಲಿ ಅಂತ ಎಲ್ಲರೂ ಹೇಳಿದರು. ಅಕ್ಕ ಚೆಲ್ಲಲಿಲ್ಲ. ಆ ವಿನಿಗರ್ ಆವಾಗಿನದು" ಎಂದರು. ಆಮೇಲೆ ನಗು ನಿಲ್ಲಿಸಿ, "ತಪ್ಪು ಇದೆ ಅಂತ ಗೊತ್ತಾಯಿತು. ನಿಮಗೆ ಇಷ್ಟವಾಯಿತೋ ಇಲ್ಲವೋ ಅದನ್ನು ಹೇಳಿ" ಎಂದು ಕೇಳಿದರು.

ಗೊತ್ತಿದ್ದರೆ ತಾನೆ ಹೇಳುವುದು? ಉಗುಳಿಬಿಟ್ಟಿದ್ದೆನಲ್ಲ. ಇನ್ನೊಂದು ಚಮಚಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಮ್ಯಾನೇಜರು ನನ್ನ ಬಟ್ಟಲನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, ಇವರು ಸಂಸಾರಸ್ಥ ಹೆಂಗಸು, ಬರೀ ಉಗುಳುತ್ತಾರೆ, ನುಂಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಸಮಜಾಯಿಷಿ ಕೊಟ್ಟರು. ನನ್ನನ್ನು ಹೊಗಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ನನಗೆ ಮೈ ಉರಿದುಹೋಯಿತು. ಕಂಪನಿಗೆ ಬೇಕಾದಾಗ ಈ ಬಾಯಿ ಕಂಪನಿಯದು, ಸಾರಿಗೆ ಉಪ್ಪು ನೋಡುವಾಗ ಮನೆಯದು. ನನ್ನದು ಯಾವಾಗ?

"ಮುಂದಿನ ವರ್ಷ ನನಗೂ ಒಂದು ಬಾಟಲಿ ತನ್ನಿ. ಸಿಹಿ ಬೇಡ" ಎಂದು ಆ ವರ್ತಕರಿಗೆ ಮ್ಯಾನೇಜರ ಎದುರಿನಲ್ಲೇ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡರು.

ತಂದರು ಕೂಡ. ನನ್ನದೇ ಬಾಟಲಿ. ಚೀಲದಲ್ಲಿ ಮುಚ್ಚಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದೆ. ಭಾನುವಾರ ತೆರೆಯೋಣವೆಂದು ಅಡುಗೆಮನೆಯ ಗೂಡಿನಲ್ಲಿ, ಎಣ್ಣೆ ಡಬ್ಬದ ಪಕ್ಕ ಇಟ್ಟೆ. ಶನಿವಾರ ಕೆಲಸದಿಂದ ಬಂದು ನೋಡಿದರೆ ಗೂಡು ಖಾಲಿ. ನಮ್ಮ ಮನೆಯವರು ಕೆ.ಆರ್. ಪುರಂ ಕಡೆಯ ಕಾರ್ಖಾನೆಯೊಂದರಲ್ಲಿದ್ದರು. ಅವರ ಆಫೀಸರಿಗೆ ಫಾರಿನ್ ಮಾಲೆಂದರೆ ಪ್ರಾಣವಂತೆ. ಸುಮ್ಮನೆ ಬಿದ್ದಿತ್ತಲ್ಲ ಎಂದು ತೆಗೆದುಕೊಂಡು ಹೋಗಿ ಕೊಟ್ಟುಬಂದಿದ್ದರು.

"ಅದು ನಂದು ಕಣ್ರಿ. ನಾನು ಕೇಳಿ ತರಿಸ್ಕೊಂಡಿದ್ದು" ಎಂದೆ.

"ನೀನೇನ್ ಮಾಡ್ತಿದ್ದೆ ಅದನ್ನ? ಕುಡೀತಿದ್ಯಾ?" ಎಂದು ನಕ್ಕರು. ನಾನು ನಗದಿದ್ದದ್ದು ಕಂಡು ದನಿ ಬದಲಾಯಿತು. "ನೋಡು, ಆಫೀಸಲ್ಲಿ ಉಗುಳ್ತೀಯ, ಅದು ಡ್ಯೂಟಿ. ಮನೇಲಿ ನುಂಗೋದು ಬೇರೆ."

ಇದನ್ನು ಹೇಳಿದ ಮನುಷ್ಯ ಪ್ರತಿ ಶನಿವಾರ ಗೆಳೆಯರ ಜೊತೆ ಬಾರಿಗೆ ಹೋಗಿ ವಿಸ್ಕಿ ಕುಡಿದು ಬರುತ್ತಿದ್ದರು. ಅವತ್ತೂ ಹೋದರು. ಬಂದಾಗ ಅತ್ತೆ ಎಂದಿನಂತೆ ಒಂದು ಮಾತೂ ಆಡದೆ ಮಗನಿಗೆ ಮೊಸರನ್ನ ಕಲಸಿಟ್ಟರು. ನಾನು ಅತ್ತೆಯ ಮುಖವನ್ನೇ ನೋಡಿದೆ. "ಗಂಡಸ್ರು ಕಣೇ" ಎಂದು ಅವರು ಎದ್ದು ಹೋದರು. ಅವರ ಪಾಲಿಗೆ ಅಲ್ಲಿಗೆ ವಿಷಯ ಮುಗಿದಿತ್ತು.

ಮರುವರ್ಷ ಆ ವರ್ತಕರು ಕೋಟು ಬಿಚ್ಚುವ ಮೊದಲೇ, "ಇಷ್ಟವಾಯಿತಾ ಮೇಡಂ?" ಎಂದರು.

"ನನ್ನ ಗಂಡನ ಆಫೀಸರನ್ನು ಕೇಳಬೇಕು" ಎಂದೆ. ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಮ್ಯಾನೇಜರಿಗೆಂದು ತಂದಿದ್ದ ಎರಡರಲ್ಲಿ ಒಂದನ್ನು ತೆಗೆದು ನನಗಾಗಿ ತಂದಿದ್ದರ ಜೊತೆ ಸೇರಿಸಿ ನನ್ನ ಮೇಜಿನ ಮೇಲಿಟ್ಟರು. ನಮ್ಮ ಮ್ಯಾನೇಜರು ಕಿಟಕಿಯಾಚೆ ಏನೋ ಮುಖ್ಯವಾದದ್ದು ಕಂಡವರಂತೆ ಅತ್ತ ತಿರುಗಿದರು. "ಅಕ್ಕನ ಆ ಯುದ್ಧದ ಕಾಲದ್ದೇ ಇದು, ಹಳೆಯದು. ಒಂದು ದಿನ ನೆಟ್ಟಗೆ ನಿಲ್ಲಿಸಿಡಿ, ಗಷ್ಟು ತಳಕ್ಕಿಳಿಯಲಿ. ಕುರಿ ಮಾಂಸ ಮಾಡಿ. ಆತುರ ಬೇಡ" ಎಂದು ಹೇಳಿಕೊಟ್ಟರು. ಒಂದು ಬಾಟಲಿಯನ್ನು ಆಫೀಸಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಇನ್ನೊಂದನ್ನು ಮನೆಗೆ ಒಯ್ದು ನನ್ನ ಸೀರೆಗಳ ಟ್ರಂಕಿನ ಪಕ್ಕ ನಿಲ್ಲಿಸಿ, "ಇದನ್ನ ಮುಟ್ಟಿದ್ರೆ ನಾಳೆ ಮಟನ್ ನೀವೇ ಮಾಡ್ಕೊಳ್ಳಿ" ಎಂದು ಮನೆಯವರಿಗೆ ಹೇಳಿದೆ. ಭಾನುವಾರದ ಮಟನ್ ತಪ್ಪುವುದೆಂದರೆ ಅವರಿಗೂ ಭಯವಿತ್ತು.

ಬಿರಡೆ ತೆಗೆಯಲು ಸ್ಕ್ರೂ ಬೇಕಲ್ಲ. ಶಿವಾಜಿನಗರದ ಪಾತ್ರೆ ಅಂಗಡಿಗೆ ಹೋದೆ. ನನ್ನ ಕುಕ್ಕರಿಗೆ ಗ್ಯಾಸ್ಕೆಟ್ ಕೊಡುತ್ತಿದ್ದ ಸಾಹೇಬರು ಹುಡುಕಿ ಒಂದನ್ನು ತೆಗೆದು ಒರೆಸುತ್ತ, "ಸಾಬ್‌ಗೆ ಏನಮ್ಮ?" ಎಂದರು.

"ಅಲ್ಲ, ನನಗೆ."

ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. "ಹಾಗಾದ್ರೆ ಇದು ಬೇಡಮ್ಮ, ಹಿಡಿ ಲೂಸ್ ಇದೆ" ಎಂದು ಒಳಗಿನಿಂದ ಗಟ್ಟಿಯಾದದ್ದನ್ನು ತಂದುಕೊಟ್ಟರು. ಅವರು ಜೀವಮಾನದಲ್ಲಿ ವೈನ್ ಮುಟ್ಟಿದವರಲ್ಲ. ಆದರೂ ನನ್ನನ್ನು ಜ್ಯೂಸಿನ ಕಡೆಗೆ ತಿರುಗಿಸದೆ ಹೋದ ಆ ಮನುಷ್ಯನನ್ನು ನಾನು ಮರೆತಿಲ್ಲ.

ಭಾನುವಾರ ಮಟನ್ನಿಗೆ ಖಾರದ ಪುಡಿ ಕಡಿಮೆ ಮಾಡಿ ಮೆಣಸು ಹಾಕಿ ಹುರಿದೆ. ಪಡಸಾಲೆಯಲ್ಲಿ ಮೂವರಿಗೂ ಒಟ್ಟಿಗೆ ತಟ್ಟೆ ಹಾಕಿದೆ, ನನಗೂ. ಅದೇ ಮೊದಲ ಅಪರಾಧ. ಬಾಟಲಿಯನ್ನು ತಂದು ತಟ್ಟೆಯ ಮುಂದೆ ಇಟ್ಟು ಸ್ಕ್ರೂ ತಿರುಗಿಸಿದೆ. ಬಿರಡೆ ಟಪ್ಪೆಂದಿತು. ನೆಂಟರು ಬಂದಾಗ ಶರಬತ್ತಿಗೆ ತೆಗೆಯುತ್ತಿದ್ದ ಗಾಜಿನ ಲೋಟಕ್ಕೆ, ಡಿಕಾಕ್ಷನ್ ಬಗ್ಗಿಸುವ ಹಾಗೆ ಗಷ್ಟು ಅಲುಗದಂತೆ ನಿಧಾನವಾಗಿ ಸುರಿದೆ.

"ಬೀದಿ ಬಾಗ್ಲು ಹಾಕೋ" ಎಂದು ಅತ್ತೆ ಮಗನಿಗೆ ಹೇಳಿದರು. ನಮ್ಮ ಮನೆಯವರು ಎದ್ದರು.

"ತೆಗ್ದಿರ್ಲಿ. ನಿನ್ನೆ ನೀವು ಬಾರಿಂದ ಬಂದಾಗ ಯಾರೂ ಬಾಗ್ಲು ಹಾಕ್ಲಿಲ್ಲ" ಎಂದೆ. ಅವರು ನಿಂತಲ್ಲೇ ನಿಂತರು.

ಅತ್ತೆ ಲೋಟವನ್ನು ದಿಟ್ಟಿಸಿದರು. ಜಗಳವನ್ನು ಹೇಗೆ ಮುಗಿಸಬೇಕೆಂದು ಬಲ್ಲ ಹೆಂಗಸು ಅವರು. "ಆಯ್ತು ಕಣೇ, ರುಚಿ ನೋಡ್ಬೇಕಾ, ನೋಡು. ಯಾರ್ ಬೇಡ ಅಂದ್ರು? ಆಫೀಸಲ್ಲಿ ಉಗುಳ್ತೀಯಲ್ಲ, ಹಂಗೇ ಉಗುಳ್ಬಿಡು. ನಿನ್ ಆಸೇನೂ ತೀರುತ್ತೆ, ಮನೆ ಮರ್ಯಾದೇನೂ ಉಳಿಯುತ್ತೆ" ಎಂದರು. ನಮ್ಮ ಮನೆಯವರ ಮುಖ ಅರಳಿತು. ಓಡಿಹೋಗಿ ಅತ್ತೆಯ ಮಂಚದ ಪಕ್ಕದಿಂದ ಅವರು ಎಲೆ ಅಡಿಕೆ ಉಗುಳುವ ಹಿತ್ತಾಳೆ ಪೀಕದಾನಿಯನ್ನು ತೆಗೆದುಕೊಂಡು ಹೋಗಿ ಬಚ್ಚಲಲ್ಲಿ ತೊಳೆದು, ಒರೆಸಿ, ನನ್ನ ತಟ್ಟೆಯ ಪಕ್ಕ ತಂದಿಟ್ಟರು. ಮದುವೆಯಾದ ಮೇಲೆ ಅವರು ನನಗಾಗಿ ತೊಳೆದ ಮೊದಲ ಪಾತ್ರೆ ಅದು.

ಬೇಡ ಎಂದು ಕಿತ್ತುಕೊಂಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವರಿಬ್ಬರೂ ನನಗೆ ಉಪಕಾರ ಮಾಡಿದವರಂತೆ ಕೂತಿದ್ದರು. ನಾಲಿಗೆಯವರೆಗೆ ನಿನ್ನದು, ಗಂಟಲಿನಿಂದ ಕೆಳಗೆ ನಮ್ಮದು ಎಂದು ನನ್ನ ಮೈಯಲ್ಲೇ ಬೇಲಿ ಹಾಕುತ್ತಿದ್ದರು. ನಾನು ಲೋಟ ಎತ್ತಿದೆ. ಸೊರ್ರೆನ್ನಿಸಲಿಲ್ಲ. ಬಾಯಿ ತುಂಬ ತೆಗೆದುಕೊಂಡು, ಒಂದು ಗಳಿಗೆ ಇಟ್ಟುಕೊಂಡು, ಅತ್ತೆಯ ಕಣ್ಣನ್ನೇ ನೋಡುತ್ತ ನುಂಗಿದೆ.

"ನುಂಗ್ಬಿಟ್ಲು ಕಣೋ!" ಎಂದರು ಅತ್ತೆ.

ನುಂಗಿದ ಮೇಲೆ ಗೊತ್ತಾದದ್ದು ಒಂದಿದೆ. ಅಷ್ಟು ವರ್ಷ ನಾನು ಅರ್ಧ ರುಚಿಯನ್ನು ಮಾತ್ರ ಕಂಡಿದ್ದೆ. ವೈನು ಗಂಟಲು ದಾಟಿದ ಮೇಲೆ ಅದರ ವಾಸನೆ ಒಳಗಿನಿಂದ ಮೂಗಿಗೆ ಹಿಂತಿರುಗಿ ಬಂತು. ಒಣ ಅಂಜೂರ, ಬಿಸಿಲಲ್ಲಿ ಬಾಡಿದ ನೇರಳೆ, ಒಂದು ಲವಂಗ. ದವಡೆಯ ಎರಡೂ ಬದಿಯಲ್ಲಿ ದಾಳಿಂಬೆ ಸಿಪ್ಪೆಯ ಒಗರು ಬಹಳ ಹೊತ್ತು ನಿಂತಿತು. ಅದರ ಮೇಲೆ ಒಂದು ತುಂಡು ಮಟನ್ ತಿಂದೆ. ಕೊಬ್ಬು ಒಗರನ್ನು ತೊಳೆಯಿತು, ಮುಂದಿನ ಗುಟುಕಿನ ಒಗರು ಕೊಬ್ಬನ್ನು ತೊಳೆಯಿತು. ಕುದುರೆ ಲಾಯ ಅಲ್ಲೇ ಇತ್ತು. ವಿನಿಗರ್ ಕೂಡ ಇತ್ತು. ಇರಲಿ, ನನ್ನ ಡ್ಯೂಟಿ ಮುಗಿದಿತ್ತು.

ಆತುರ ಬೇಡ ಎಂದಿದ್ದರಲ್ಲ, ನಾನು ಆತುರಪಡಲಿಲ್ಲ. ಕಾಫಿಯನ್ನೂ ಬಿಸಿಯಲ್ಲಿ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ತಣ್ಣಗಾದ ಮೇಲೆ ಒಮ್ಮೆ ನೋಡುವುದು ನಮ್ಮ ಪದ್ಧತಿ. ಹಾಗೇ ಇದನ್ನೂ ಮಧ್ಯಾಹ್ನವೆಲ್ಲ ನೋಡುತ್ತ ಕೂತೆ. ಎರಡನೆಯ ಲೋಟದ ಹೊತ್ತಿಗೆ ಲಾಯದ ವಾಸನೆ ಇಳಿದು, ಅಜ್ಜಿಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ ಬಂತು. ಕೊನೆಗೆ ಆ ವಿನಿಗರ್ ಕೂಡ ಹುಣಸೆಹಣ್ಣಿನಷ್ಟು ಸಲಿಗೆಯದಾಯಿತು. ಮೈ ಬೆಚ್ಚಗಾಗಿತ್ತು, ತಲೆ ನೆಟ್ಟಗಿತ್ತು. ಲಾರಿಯಲ್ಲಿ ಹುದುಗಿದ ದ್ರಾಕ್ಷಿಯನ್ನು ಚೆಲ್ಲಲು ಒಪ್ಪದ ಆ ಅಕ್ಕನನ್ನು ನೆನೆದೆ. ಅವರನ್ನು ನಾನು ಎಂದೂ ಕಂಡವಳಲ್ಲ. ಆದರೂ ಆ ಪಡಸಾಲೆಯಲ್ಲಿ ನನ್ನ ಪಕ್ಷದವರೆಂದರೆ ಅವರೊಬ್ಬರೇ ಎನ್ನಿಸಿತು.

"ಸಾಕು ಬಿಡೇ, ಏನ್ ಸಾಧಿಸ್ದಂಗಾಯ್ತು?" ಎಂದರು ನಮ್ಮ ಮನೆಯವರು.

"ಇಷ್ಟ ಆಯ್ತು ಕಣ್ರಿ" ಎಂದೆ. ಅವರು ಕಾಯುತ್ತಿದ್ದ ಉತ್ತರ ಅದಲ್ಲ. ಪೇಪರು ಹಿಡಿದುಕೊಂಡರು.

ಆಮೇಲಿನ ವರ್ಷಗಳಲ್ಲಿ ಆ ವರ್ತಕರು ಬೇರೆ ಬೇರೆ ತೋಟಗಳ ಕೆಂಪನ್ನು ತಂದರು. ಎಳೆಯದರಲ್ಲಿ ದಾಳಿಂಬೆ ಕಾಳು ಕಚ್ಚಿದ ಚುರುಕಿತ್ತು, ಹಳೆಯದರಲ್ಲಿ ಖರ್ಜೂರ, ಕರಿಮೆಣಸು. ಒಂದು ಮಾತ್ರ ಇಷ್ಟವಾಗಲಿಲ್ಲ. ಅದರಲ್ಲಿ ಹುಡುಕಿದರೂ ಒಂದು ತಪ್ಪೂ ಇರಲಿಲ್ಲ, ಆದರೂ ಇಷ್ಟವಾಗಲಿಲ್ಲ ಎಂದು ಅವರಿಗೆ ಹೇಳಿದೆ. ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿ.

ಆದರೆ ಆ ಭಾನುವಾರದ ಕೊನೆಯನ್ನು ಹೇಳಬೇಕು. ಊಟವಾದ ಮೇಲೆ ಅತ್ತೆ ಎಂದಿನಂತೆ ಎಲೆ ಅಡಿಕೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಬಾಯಿ ತುಂಬಿ ಬಂದಾಗ ಅಭ್ಯಾಸಬಲದಿಂದ ಮಂಚದ ಪಕ್ಕಕ್ಕೆ ಕೈ ಹಾಕಿದರು, ಪೀಕದಾನಿ ಇರಲಿಲ್ಲ. ಅದು ನನ್ನ ತಟ್ಟೆಯ ಪಕ್ಕ ಫಳಫಳ ಹೊಳೆಯುತ್ತ ಕೂತಿತ್ತು. ಕೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ, ಎದ್ದು ಬಂದು ನನ್ನ ಪಕ್ಕದಿಂದ ತೆಗೆದುಕೊಳ್ಳಲು ಮನಸ್ಸಿಲ್ಲ. ಕೆನ್ನೆ ಉಬ್ಬಿಸಿಕೊಂಡು ನನ್ನ ಕಡೆಗೇ ನೋಡುತ್ತಿದ್ದರು. ನಾನು ಲೋಟದಲ್ಲಿ ಉಳಿದಿದ್ದ ಕೊನೆಯ ಗುಟುಕನ್ನು ನುಂಗಿ, ಎದ್ದು, ಆ ಒಣ ಪೀಕದಾನಿಯನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ಹಿಡಿದೆ.

"ಉಗುಳಿ ಅತ್ತೆ, ನನಗೆ ಬೇಕಾಗ್ಲಿಲ್ಲ" ಎಂದೆ.